ಅಡ್ಮಿನ್ ಕಾಂಟ್ಯಾಕ್ಟ್ ಹೋಯಿತು, ಹೂಇಸ್ ಮುಚ್ಚುತ್ತಿದೆ: ರೀಸೆಲರ್ ಏನೇನು ಬದಲಿಸಬೇಕು?

ಹೆಸರುಮಾರಿ:
ನಾವು ರೀಸೆಲರ್, ಅಂದರೆ ರಿಜಿಸ್ಟ್ರಾರ್ (ಡೊಮೇನ್ ಹೆಸರು ನೋಂದಾಯಿಸುವ ಅಧಿಕೃತ ಕಂಪನಿ) ಪರವಾಗಿ ಹೆಸರು ಮಾರುವವರು. ನಾನೂರು ಚಿಲ್ಲರೆ ಡಾಟ್ ಕಾಮ್, ಡಾಟ್ ನೆಟ್ ಹೆಸರುಗಳು, ಎಲ್ಲವೂ ಒಂದೇ ರಿಜಿಸ್ಟ್ರಾರ್‌ನ ಎಪಿಐ (ಪ್ರೋಗ್ರಾಂ ಸಂಪರ್ಕ) ಮೂಲಕ. ಮೂರು ಪ್ರಶ್ನೆ ಇವೆ.

ಹೂಇಸ್ (ಡೊಮೇನ್ ನೋಂದಣಿ ವಿವರ ತೋರಿಸುವ ಹಳೇ ಹುಡುಕಾಟ ಸೇವೆ) ಓದಿ ಎಕ್ಸ್‌ಪೈರಿ ತಾರೀಖು ಹೆಕ್ಕುವ ಸ್ಕ್ರಿಪ್ಟ್‌ಗೆ ಈಗೀಗ ಖಾಲಿ ಉತ್ತರ ಬರುತ್ತಿದೆ. ಅದರ ಜಾಗಕ್ಕೆ ಬಂದ ಆರ್‌ಡಿಎಪಿಗೆ ಬದಲಿಸಿದರೆ, ದುಡ್ಡು ಕಟ್ಟದ ಹೆಸರಿಗೂ ಮುಂದಿನ ವರ್ಷದ ತಾರೀಖು ತೋರಿಸುತ್ತದೆ. ಎರಡನೆಯದು, ಹಳೇ ನೋಂದಣಿಗಳ ಆರ್ಗನೈಸೇಶನ್ ಕಾಲಂನಲ್ಲಿ ಗ್ರಾಹಕರ ಬದಲು ನಮ್ಮ ಸಂಸ್ಥೆಯ ಹೆಸರಿದೆ. ಹಾಗೇ ಬಿಡಬಹುದೇ? ಕೊನೆಯದು, ವಿವರ ಹೇಗೂ ಕಾಣಿಸುವುದಿಲ್ಲವಲ್ಲ, ವಿವರ ಮರೆಮಾಡುವ ಪ್ರೈವಸಿ ಸೇವೆಗೆ ಬೇರೆ ದುಡ್ಡು ಯಾಕೆ ಎಂದು ಗ್ರಾಹಕರು ಕೇಳುತ್ತಿದ್ದಾರೆ.

ಕಡತಪಾಲಕ:
ಸರ್, ಮೊದಲು ಕೈ ಹಾಕಬೇಕಾದದ್ದು ಎರಡನೆಯದಕ್ಕೆ. ಸ್ಕ್ರಿಪ್ಟ್ ಕೆಟ್ಟರೆ ಒಂದು ದಿನದ ಕಿರಿಕಿರಿ, ಇದು ಒಡೆತನದ ಪ್ರಶ್ನೆ.

ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್‌ನ ರಿಜಿಸ್ಟ್ರೇಶನ್ ಡೇಟಾ ಪಾಲಿಸಿ 2025ರ ಆಗಸ್ಟ್ 21ರಿಂದ ಪೂರ್ತಿ ಜಾರಿಯಲ್ಲಿದೆ. ಅದರ ಪ್ರಕಾರ ಆರ್ಗನೈಸೇಶನ್ ಕಾಲಂ ತುಂಬಿದ್ದರೆ ಆ ಸಂಸ್ಥೆಯೇ ಹೆಸರಿನ ಒಡೆಯ. ವ್ಯಕ್ತಿಯ ಹೆಸರು ಏನೇ ಇರಲಿ. ಅಂದರೆ ಕಾಗದದ ಮೇಲೆ ಆ ಡೊಮೇನ್‌ಗಳು ನಿಮ್ಮವು. ಜವಾಬ್ದಾರಿಯೂ ನಿಮ್ಮದೇ: 2013ರ ರಿಜಿಸ್ಟ್ರಾರ್ ಒಪ್ಪಂದದ 3.7.7.3ನೇ ಕಲಂ ಪ್ರಕಾರ, ತನ್ನ ಹೆಸರಲ್ಲಿ ನೋಂದಾಯಿಸಿ ಇನ್ನೊಬ್ಬರಿಗೆ ಬಳಸಲು ಕೊಟ್ಟವನೇ ಹಾನಿಗೆ ಹೊಣೆ. ತಕ್ಕ ಪುರಾವೆ ತೋರಿಸಿದವರಿಗೆ 7 ದಿನದೊಳಗೆ ನಿಜವಾದ ಬಳಕೆದಾರ ಯಾರೆಂದು ತಿಳಿಸಿದರೆ ಮಾತ್ರ ಬಿಡುಗಡೆ. ಪ್ರಾಕ್ಸಿ ಸೇವೆ (ಗ್ರಾಹಕನ ಬದಲು ತನ್ನ ಹೆಸರಲ್ಲಿ ನೋಂದಾಯಿಸಿ ಬಳಸಲು ಕೊಡುವುದು) ನಡೆಸುತ್ತಿದ್ದೀರಿ ಎಂದು ಗೊತ್ತಿಲ್ಲದೆಯೇ ನಡೆಸುತ್ತಿದ್ದೀರಿ.

ಸರಿಪಡಿಸುವ ಮೊದಲು ಎಲ್ಲ ಕಾಂಟ್ಯಾಕ್ಟ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ, ಮುಖ್ಯವಾಗಿ ಅಡ್ಮಿನ್ (ಆಡಳಿತ ಸಂಪರ್ಕದ) ವಿವರ. ಹೊಸ ಪಾಲಿಸಿಯಲ್ಲಿ ಅಡ್ಮಿನ್ ಕಾಂಟ್ಯಾಕ್ಟ್ ಇಲ್ಲವೇ ಇಲ್ಲ, ಟೆಕ್ನಿಕಲ್ ಐಚ್ಛಿಕ. ರಿಜಿಸ್ಟ್ರಂಟ್ (ನೋಂದಾಯಿತ ಒಡೆಯ) ಜಾಗದಲ್ಲಿ ರೀಸೆಲರ್ ಇಮೇಲ್, ಅಡ್ಮಿನ್ ಜಾಗದಲ್ಲಿ ಗ್ರಾಹಕನ ಇಮೇಲ್ ಹಾಕುವ ಅಭ್ಯಾಸ ಬಹಳ ಕಡೆ ಇತ್ತು. ಅಂಥ ಹೆಸರಿನ ಅಡ್ಮಿನ್ ದಾಖಲೆ ಅಳಿಸಿಹೋದರೆ ನಿಜವಾದ ಮಾಲೀಕನ ಗುರುತೇ ಉಳಿಯುವುದಿಲ್ಲ.

ಆಮೇಲೆ ಇಪ್ಪತ್ತು ಮೂವತ್ತರ ಕಂತುಗಳಲ್ಲಿ ಬದಲಿಸಿ. ಪರಿಶೀಲನೆ ಆಗದ ಇಮೇಲ್ ಹೊಸದಾಗಿ ಸೇರಿದರೆ ರಿಜಿಸ್ಟ್ರಾರ್‌ನಿಂದ ವೆರಿಫಿಕೇಶನ್ ಮೇಲ್ ಹೋಗುತ್ತದೆ. 15 ದಿನದೊಳಗೆ ಗ್ರಾಹಕ ಅದಕ್ಕೆ ಸ್ಪಂದಿಸದಿದ್ದರೆ ಡೊಮೇನ್ ಸಸ್ಪೆಂಡ್ ಆಗಬಹುದು. ಸೈಟ್ ಜತೆಗೆ ಮೇಲೂ ನಿಲ್ಲುತ್ತದೆ. ಪರಿಚಯವಿಲ್ಲದ ಕಳುಹಿಸುವವರ ಹೆಸರಲ್ಲಿ ಬರುವುದರಿಂದ ಈ ಮೇಲ್ ಸ್ಪ್ಯಾಮ್‌ಗೆ ಬೀಳುವುದೇ ಹೆಚ್ಚು. ಯಾವ ವಿಳಾಸದಿಂದ, ಯಾವ ವಿಷಯ ಸಾಲಿನೊಂದಿಗೆ ಬರುತ್ತದೆ ಎಂದು ಮುಂಚೆಯೇ ತಿಳಿಸಿ.

ಪೋರ್ಟ್43:
ಸ್ಕ್ರಿಪ್ಟ್ ವಿಚಾರ. 2025ರ ಜನವರಿ 28ರಿಂದ ಜಿಟಿಎಲ್‌ಡಿಗಳಿಗೆ (ಡಾಟ್ ಕಾಮ್, ಡಾಟ್ ನೆಟ್‌ನಂಥ ಸಾಮಾನ್ಯ ವಿಸ್ತರಣೆಗಳು) ಹೂಇಸ್ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲ. ಕೆಲವರು ನಿಲ್ಲಿಸಿದ್ದಾರೆ, ಕೆಲವರು ಇನ್ನೂ ಓಡಿಸುತ್ತಿದ್ದಾರೆ. ಖಾಲಿ ಉತ್ತರಕ್ಕೆ ಅದೇ ಕಾರಣ ಇರಬಹುದು.

ಆರ್‌ಡಿಎಪಿ ತಪ್ಪು ಹೇಳುತ್ತಿಲ್ಲ. ಅವಧಿ ಮುಗಿದ ಕೂಡಲೇ ಡಾಟ್ ಕಾಮ್ ರಿಜಿಸ್ಟ್ರಿ (ಎಲ್ಲ ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇಡುವ ಸಂಸ್ಥೆ) ತಾನಾಗಿ ಒಂದು ವರ್ಷ ಸೇರಿಸುತ್ತದೆ. ಅದನ್ನು ರದ್ದು ಮಾಡಲು ರಿಜಿಸ್ಟ್ರಾರ್‌ಗೆ 45 ದಿನ ಇರುತ್ತದೆ. ಆ ದಿನಗಳಲ್ಲಿ ರಿಜಿಸ್ಟ್ರಿಯ ಉತ್ತರದಲ್ಲಿ ಮುಂದಿನ ವರ್ಷವೇ ಕಾಣುತ್ತದೆ, ಗ್ರಾಹಕ ಕಾಸು ಕೊಟ್ಟಿರಲಿ ಬಿಡಲಿ. ಸ್ಟೇಟಸ್ ಪಟ್ಟಿಯಲ್ಲಿ 'ಆಟೋ ರಿನ್ಯೂ ಪೀರಿಯಡ್' ಇದೆಯೇ ನೋಡಿ. ಇದ್ದರೆ ಆ ತಾರೀಖನ್ನು ನಂಬಬೇಡಿ. ರಿಜಿಸ್ಟ್ರಿಯ ಉತ್ತರದಲ್ಲೇ ರಿಜಿಸ್ಟ್ರಾರ್ ಸರ್ವರ್‌ನ ಲಿಂಕ್ ಇರುತ್ತದೆ, ಅಲ್ಲಿ 'ರಿಜಿಸ್ಟ್ರಾರ್ ಎಕ್ಸ್‌ಪಿರೇಶನ್' ಎಂಬ ಈವೆಂಟ್ ಸಿಕ್ಕರೆ ಅದನ್ನು ತೆಗೆದುಕೊಳ್ಳಿ. ನಿಜ ಹೇಳಬೇಕೆಂದರೆ, ನಿಮ್ಮದೇ ಹೆಸರುಗಳ ತಾರೀಖಿಗೆ ರೀಸೆಲರ್ ಎಪಿಐ ಇರುವಾಗ ಹೊರಗಿನ ಲುಕಪ್ ಯಾಕೆ?

ಇನ್ನೊಂದು ಕಡೆ ಎಡವುತ್ತಾರೆ. ಹೂಇಸ್‌ನಲ್ಲಿ ಒಂದೇ ಪದವಾಗಿದ್ದ 'ಕ್ಲೈಂಟ್‌ಟ್ರಾನ್ಸ್‌ಫರ್‌ಪ್ರೊಹಿಬಿಟೆಡ್' (ಹೆಸರು ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ಹಾಕಿದ ಲಾಕ್) ಆರ್‌ಡಿಎಪಿಯಲ್ಲಿ ಜಾಗ ಬಿಟ್ಟು ಮೂರು ಪದವಾಗಿ, ಎಲ್ಲ ಸಣ್ಣಕ್ಷರದಲ್ಲಿ ಬರುತ್ತದೆ. ಹಳೇ ಹೋಲಿಕೆ ಹಾಗೇ ಬಿಟ್ಟರೆ ಲಾಕ್ ಆದ ಹೆಸರೂ ಅನ್‌ಲಾಕ್ ಎಂದು ತೋರುತ್ತದೆ. ಸರ್ವರ್‌ನಿಂದ 429 ಎಂಬ ಸಂಕೇತ ಬಂದರೆ ವೇಗ ಮಿತಿ ಮೀರಿದ್ದೀರಿ ಎಂದರ್ಥ, ತಡೆದು ಮತ್ತೆ ಕೇಳಿ. ಅದನ್ನು 404 ('ಸಿಗಲಿಲ್ಲ') ಜತೆ ಸೇರಿಸಿ 'ಹೆಸರು ಖಾಲಿ ಇದೆ' ಎಂದು ಓದಬೇಡಿ.

ಮರೆಪರದೆ:
ಗ್ರಾಹಕರ ಪ್ರಶ್ನೆ ನ್ಯಾಯವಾದದ್ದೇ. ಐಕ್ಯಾನ್‌ನ 2018ರ ಮೇ 25ರ ತಾತ್ಕಾಲಿಕ ನಿಯಮ ಬಂದಾಗಿನಿಂದ ಹೆಸರು, ಬೀದಿ, ಫೋನ್, ಇಮೇಲ್ ಸಾಮಾನ್ಯವಾಗಿ ಮರೆಯಲ್ಲೇ ಇರುತ್ತವೆ. ಆದರೆ ಮರೆಮಾಚುವುದು ಪ್ರಕಟಣೆಗೆ ಮಾತ್ರ. ರಾಜ್ಯ, ದೇಶ ಆಗಲೂ ಕಾಣುತ್ತವೆ, ರಿಜಿಸ್ಟ್ರಾರ್ ಬಳಿ ನಿಜ ವಿವರ ಇದ್ದೇ ಇರುತ್ತದೆ, ಯಾರಾದರೂ ಸಕಾರಣವಾಗಿ ಕೇಳಿದರೆ ಅದನ್ನು ಕೊಡಲೂಬಹುದು. ಪ್ರೈವಸಿ ಅಥವಾ ಪ್ರಾಕ್ಸಿ ಸೇವೆಯಲ್ಲಿ ದಾಖಲೆಯಲ್ಲೇ ಬೇರೆ ವಿಳಾಸ ಕೂರುತ್ತದೆ. ವ್ಯತ್ಯಾಸ ಇಷ್ಟೇ. ಇದನ್ನು 'ಸ್ಪ್ಯಾಮ್ ನಿಲ್ಲುತ್ತದೆ' ಎಂದು ಮಾರುವ ಕಾಲ ಮುಗಿಯಿತು.

ಯುರೋಪಿನ ಗ್ರಾಹಕರಿದ್ದರೆ ಯುರೋಪಿಯನ್ ಒಕ್ಕೂಟದ ಸೈಬರ್ ಭದ್ರತೆಯ ಎನ್‌ಐಎಸ್2 ನಿರ್ದೇಶನ ಓದಿ. ಅಲ್ಲಿ 'ಡೊಮೇನ್ ನೋಂದಣಿ ಸೇವೆ' ಎಂಬುದರ ವ್ಯಾಖ್ಯೆಯೊಳಗೆ ರೀಸೆಲರ್ ಹೆಸರು ಹಿಡಿದೇ ಸೇರಿದ್ದಾನೆ. 28ನೇ ವಿಧಿಯಂತೆ ವಿವರ ಪರಿಶೀಲಿಸುವ ಕ್ರಮ ಬರವಣಿಗೆಯಲ್ಲಿರಬೇಕು, ಕಾನೂನುಬದ್ಧ ಕೋರಿಕೆಗೆ 72 ಗಂಟೆಯೊಳಗೆ ಉತ್ತರಿಸಬೇಕು. ಜಾರಿಯ ರೀತಿ ದೇಶದಿಂದ ದೇಶಕ್ಕೆ ಬೇರೆ.

ಅಬ್ಯೂಸ್ (ದುರ್ಬಳಕೆ ದೂರುಗಳ) ಮೇಲ್‌ಬಾಕ್ಸ್ ದಿನಾ ನೋಡುವವರು ಇದ್ದಾರಾ? 2024ರ ಏಪ್ರಿಲ್ 5ರಿಂದ ಫಿಶಿಂಗ್, ಮಾಲ್‌ವೇರ್‌ಗೆ ಸಾಕಷ್ಟು ಪುರಾವೆ ಸಿಕ್ಕರೆ ರಿಜಿಸ್ಟ್ರಾರ್ ಕೂಡಲೇ ಕ್ರಮ ತೆಗೆದುಕೊಳ್ಳಲೇಬೇಕು. ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂರುವುದಿಲ್ಲ.

ಹೆಸರುಮಾರಿ:
ತುಂಬ ಉಪಕಾರವಾಯಿತು. ಆರ್ಗನೈಸೇಶನ್ ಬದಲಿಸಿದರೆ 60 ದಿನದ ಟ್ರಾನ್ಸ್‌ಫರ್ ಲಾಕ್ ಬೀಳುತ್ತದೆಯೇ?

ಕಡತಪಾಲಕ:
ಬೀಳುತ್ತದೆ. ಹೆಸರು, ಸಂಸ್ಥೆ, ಇಮೇಲ್, ಈ ಮೂರರಲ್ಲಿ ಯಾವುದರ ಗಣನೀಯ ಬದಲಾವಣೆಯಾದರೂ 'ಚೇಂಜ್ ಆಫ್ ರಿಜಿಸ್ಟ್ರಂಟ್'. ಬರೀ ಅಕ್ಷರದೋಷ ತಿದ್ದಿದರೆ ಇಲ್ಲ. ಲಾಕ್ ಬೇಡವೆಂದರೆ ಬದಲಾವಣೆಯ ಕೋರಿಕೆ ಹಾಕುವ ಮುಂಚೆಯೇ ಆಪ್ಟ್ ಔಟ್ ಮಾಡಬೇಕು, ಅದೂ ನಿಮ್ಮ ರಿಜಿಸ್ಟ್ರಾರ್ ಆ ಸೌಲಭ್ಯ ಕೊಟ್ಟಿದ್ದರೆ. ನಂತರ ಕೇಳಿದರೆ ಆಗುವುದಿಲ್ಲ. ನವೀಕರಣಕ್ಕೆ, ನೇಮ್‌ಸರ್ವರ್ ಬದಲಿಸುವುದಕ್ಕೆ ಈ ಲಾಕ್ ಅಡ್ಡಿಯಲ್ಲ. ಹಳೇ ಒಡೆಯ, ಹೊಸ ಒಡೆಯ ಇಬ್ಬರೂ ಒಪ್ಪಬೇಕು. ಹಳೇ ಒಡೆಯ ನೀವೇ ಆದ್ದರಿಂದ ಅಷ್ಟೂ ಒಪ್ಪಿಗೆ ಮೇಲ್ ನಿಮ್ಮ ಇನ್‌ಬಾಕ್ಸ್‌ಗೇ ಬರುತ್ತವೆ, ಫಿಲ್ಟರ್ ಹಾಕಿಟ್ಟುಕೊಳ್ಳಿ.