ಮಿದುಳಿನಿಂದ ನೇರವಾಗಿ ಮಾತು: ಕನ್ನಡಕ್ಕೂ ಬರುತ್ತದೆಯೇ?

ಕುಮಟೆಯವಳು

ಅಪ್ಪ ತಾಳಮದ್ದಲೆಯ ಅರ್ಥಧಾರಿ. ಅವರು ಕೌರವನಾಗಿ ಕುಳಿತರೆ ಎದುರಿನ ಕೃಷ್ಣನಿಗೆ ಬೆವರು ಬರುತ್ತಿತ್ತು. ಈಗ ಅವರಿಗೆ ಎಎಲ್‌ಎಸ್, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತ ಹೋಗುವ ರೋಗ, ಇರುವುದು ಖಚಿತವಾಗಿದೆ. ರೋಗ ಕೈಕಾಲು ಬಿಟ್ಟು ನಾಲಿಗೆಯನ್ನೇ ಮೊದಲು ಹಿಡಿದಿದೆ. ಲಕಾರ, ಳಕಾರ ಒಂದೇ ಆಗಿಬಿಟ್ಟಿವೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಕೈ ಮಾತ್ರ ಇನ್ನೂ ಗಟ್ಟಿ, ಕುಳಿತು ಅಡಿಕೆ ಸುಲಿಯುತ್ತಾರೆ.

ಅಮೆರಿಕದಲ್ಲಿ ಇದೇ ರೋಗದ ಒಬ್ಬರ ಮಿದುಳಿಗೆ ಚಿಪ್ ಕೂರಿಸಿ ಮಾತು ಬರಿಸಿದ್ದಾರಂತೆ. ನೆಂಟರೆಲ್ಲ ಆ ಸುದ್ದಿಯನ್ನು ಇಲಾನ್ ಮಸ್ಕ್ ಫೋಟೊ ಸಹಿತ ಕಳುಹಿಸುತ್ತಿದ್ದಾರೆ. ಅದು ನಿಜವಾಗಿ ಮಾಡುವುದೇನು? ಕನ್ನಡದಲ್ಲಿ ಸಾಧ್ಯವೇ? ಸಮಾಧಾನದ ಮಾತು ಬೇಡ, ಮನೆಯಲ್ಲಿ ಅದು ಬೇಕಾದಷ್ಟು ದಾಸ್ತಾನಿದೆ.

ತಂತಿ ತರಂಗ

ಧ್ವನಿ ತಂತ್ರಜ್ಞಾನ ನನ್ನ ಹೊಟ್ಟೆಪಾಡು, ಆದ್ದರಿಂದ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಮಸ್ಕ್ ಫೋಟೊ ತೆಗೆದಿಡಿ. ಅವರ ಕಂಪನಿ ನ್ಯೂರಾಲಿಂಕ್ 2024ರ ಜನವರಿಯಲ್ಲಿ ಮೊದಲ ಚಿಪ್ ಕೂರಿಸಿದ್ದು ಭುಜದಿಂದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕನಿಗೆ. ಅವರು ಅದರಿಂದ ಕಂಪ್ಯೂಟರಿನ ಕರ್ಸರ್ ಓಡಿಸಿ ಚೆಸ್ ಆಡಿದರು. ನಿಮಗೆ ಬೇಕಾದ ಮಾತಿನ ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ, ಮಿದುಳನ್ನು ಕಂಪ್ಯೂಟರಿಗೆ ಜೋಡಿಸುವ ಬ್ರೈನ್‌ಗೇಟ್ ಪ್ರಯೋಗದ ಭಾಗವಾಗಿ. 2023ರ ಜುಲೈನಲ್ಲಿ ಕೇಸಿ ಹ್ಯಾರೆಲ್ ಎಂಬ ಎಎಲ್‌ಎಸ್ ರೋಗಿಯ ಮಿದುಳಿನ ಎಡಭಾಗದಲ್ಲಿ 256 ಎಲೆಕ್ಟ್ರೋಡ್‌ಗಳನ್ನು ಕೂರಿಸಿದರು. ಅದು ಮನಸ್ಸನ್ನು ಓದುವುದಿಲ್ಲ. ಮಾತನಾಡಲು ಹೊರಟಾಗ ನಾಲಿಗೆ, ತುಟಿ, ದವಡೆ, ಗಂಟಲಿಗೆ ಮಿದುಳು ಹೊರಡಿಸುವ ಅಪ್ಪಣೆಯನ್ನು ದಾರಿಯಲ್ಲೇ ಹಿಡಿಯುತ್ತದೆ. ಅವರು ಪ್ರತಿ ಮಾತಿಗೂ ಬಾಯಾಡಿಸುವ ಪ್ರಯತ್ನ ಮಾಡಲೇಬೇಕು. 1,25,000 ಪದಗಳ ಶಬ್ದಸಂಪತ್ತಿನಲ್ಲಿ ನೂರಕ್ಕೆ ಸುಮಾರು 97 ಪದ ಸರಿ ಬಂದವು. ವೇಗ ನಿಮಿಷಕ್ಕೆ ಸುಮಾರು 32 ಪದ. ಅರ್ಥಗಾರಿಕೆಗೆ ಸಾಲದು, ಮನೆಯ ಹರಟೆಗೆ ಸಾಕು.

ಕನ್ನಡದ ವಿಷಯ. ಯಂತ್ರ ಮೊದಲು ಹಿಡಿಯುವುದು ಪದವನ್ನಲ್ಲ, ಧ್ವನಿಯನ್ನು. ಇಂಗ್ಲಿಷಿನ 39 ಧ್ವನಿಗಳಲ್ಲಿ ಯಾವುದು ಎಂದು ಊಹಿಸುತ್ತದೆ, ಆಮೇಲೆ ಭಾಷಾ ಮಾದರಿ, ಅಂದರೆ ಯಾವ ಪದದ ಜತೆ ಯಾವುದು ಬರುತ್ತದೆಂದು ಕಲಿತ ತಂತ್ರಾಂಶ, ಆ ಧ್ವನಿಗಳನ್ನು ಪದವಾಗಿ ಜೋಡಿಸುತ್ತದೆ. ಧ್ವನಿಯ ಮಟ್ಟದಲ್ಲಿ ನನಗೆ ಹೆದರಿಕೆಯಿಲ್ಲ: ಳಕಾರಕ್ಕೆ ನಾಲಿಗೆ ಮಡಚುವ ಅಪ್ಪಣೆಯೇ ಬೇರೆ, ಸಂಕೇತವೂ ಬೇರೆ ಇರಬೇಕು. ಸ್ಯಾನ್‌ಫ್ರಾನ್ಸಿಸ್ಕೋದ ನರಶಸ್ತ್ರಚಿಕಿತ್ಸಕ ಎಡ್ವರ್ಡ್ ಚಾಂಗ್ ಅವರ ತಂಡ 2024ರಲ್ಲಿ ಒಬ್ಬರೇ ವ್ಯಕ್ತಿಯ ಮಿದುಳಿನಿಂದ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಬಿಡಿಸಿ ತೋರಿಸಿತು, ಎರಡಕ್ಕೂ ಮಿದುಳಿನ ಸಂಕೇತ ಬಹುಮಟ್ಟಿಗೆ ಹಂಚಿಕೊಂಡದ್ದೇ ಎಂದು ಕಂಡಿತು. ತೊಡಕಿರುವುದು ಪದದ ಮಟ್ಟದಲ್ಲಿ. ‘ಹೋಗಬೇಕಾಗಿತ್ತಲ್ಲವೇ’ ನಮಗೆ ಒಂದೇ ಪದ. ಹೀಗೆ ಬೆಸೆದುಕೊಂಡ ರೂಪಗಳನ್ನೆಲ್ಲ ಪಟ್ಟಿಮಾಡಲು ಹೊರಟರೆ ಲಕ್ಷವೂ ಸಾಲದು. ಪ್ರತ್ಯಯಗಳನ್ನು ಬಿಡಿಸಿ ಕಟ್ಟುವ ಮಾದರಿ ಬೇಕು. ಅಸಾಧ್ಯವಲ್ಲ, ಕುಳಿತು ಮಾಡಬೇಕಾದ ಕೆಲಸ.

ಆದರೆ ಇದು ಅಂಗಡಿಯ ಸರಕಲ್ಲ. ಹ್ಯಾರೆಲ್ ತಲೆಯ ಮೇಲೆ ಲೋಹದ ಜೋಡಣೆಗಳಿದ್ದವು, ಬಳಸುವಾಗ ಅವುಗಳಿಗೆ ಕೇಬಲ್ ಸಿಕ್ಕಿಸಬೇಕಿತ್ತು. ಅದು ಸಂಶೋಧನೆಯ ಪ್ರಯೋಗ, ಹಣ ಸುರಿದರೂ ಅಲ್ಲಿ ಜಾಗ ಕೊಳ್ಳಲಾಗದು. ನಿಮ್ಮ ಅಪ್ಪನ ಹೊತ್ತಿಗೆ ಬರುತ್ತದೆ ಎಂದು ನಾನು ಬಾಯಿಬಿಡಲಾರೆ.

ನಿಮಗೆ ಉಪಯೋಗವಾಗುವ ಸಂಗತಿ ಇನ್ನೊಂದಿದೆ. ಯಂತ್ರ ಉಚ್ಚರಿಸಿದ್ದು ಹ್ಯಾರೆಲ್ ಅವರದೇ ದನಿಯಲ್ಲಿ. ರೋಗ ಬರುವ ಮುಂಚಿನ ಧ್ವನಿಮುದ್ರಣಗಳಿಂದ ಅದನ್ನು ಕಟ್ಟಿದ್ದರು. 2025ರಲ್ಲಿ ಅದೇ ತಂಡ ಪ್ರಶ್ನೆಯ ಏರು, ಪದದ ಮೇಲಿನ ಒತ್ತು ಕೂಡ ಮಿದುಳಿನಿಂದಲೇ ಹಿಡಿಯಲು ಸಾಧ್ಯವೆಂದು ತೋರಿಸಿತು. ಮಿದುಳಿನ ಚಿಪ್ ಇಲ್ಲದಿದ್ದರೂ, ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ಓದಿಸಲು, ಮುದ್ರಿಸಿಟ್ಟ ದನಿ ಕೆಲಸಕ್ಕೆ ಬರುತ್ತದೆ. ಈಗಲೇ ಮುದ್ರಿಸಿ.

ಮೂರನೇ ಪಾಳಿ

ಮೇಲಿನವರು ಬರೆದದ್ದು ಸರಿ. ನನ್ನ ಗಂಡನಿಗೂ ಇದೇ ರೋಗವಿತ್ತು, ಹಾಗಾಗಿ ಅಡುಗೆಮನೆಯ ಮಟ್ಟದ ಮಾತು ಹೇಳುತ್ತೇನೆ.

ಕೈ ಆಡುತ್ತಿದೆಯಲ್ಲ, ಇಂದೇ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಿ ಓದಿಸುವ ಅಭ್ಯಾಸ ಹಿಡಿಸಿ. ಆ ಧ್ವನಿ ಬಸ್ ನಿಲ್ದಾಣದ ಘೋಷಣೆಯ ಹಾಗಿರುತ್ತದೆ, ಇರಲಿ. ಮುಂದೆ ಕೈ ಸೋತಾಗ ಕಣ್ಣು ಉಳಿಯುತ್ತದೆ. ಈ ರೋಗದಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹುಕಾಲ ಕೆಡುವುದಿಲ್ಲ. ನಾವು ಪಾರದರ್ಶಕ ಅಕ್ರಿಲಿಕ್ ಹಾಳೆಯ ಮೇಲೆ ಒಂದು ಮೂಲೆಗೆ ಸ್ವರ, ಒಂದಕ್ಕೆ ಕವರ್ಗ, ಒಂದಕ್ಕೆ ತವರ್ಗ ಹೀಗೆ ಬರೆದಿದ್ದೆವು. ನಾನು ಈಚೆಯಿಂದ ಹಿಡಿಯುತ್ತಿದ್ದೆ, ಅವರು ಆಚೆಯಿಂದ ಬೇಕಾದ ಅಕ್ಷರದತ್ತ ನೋಡುತ್ತಿದ್ದರು. ಒತ್ತಕ್ಷರಕ್ಕೆ ಎರಡು ಬಾರಿ ರೆಪ್ಪೆ ಮುಚ್ಚಬೇಕು. ಸಿಟ್ಟು ಬಂದಾಗ ಒತ್ತಕ್ಷರ ಬಿಟ್ಟೇ ಬೈಯುತ್ತಿದ್ದರು, ಅರ್ಥವಾಗುತ್ತಿತ್ತು.

ಮುದ್ರಿಸುವಾಗ ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ತೂಗುಹಾಕಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿಡಿ. ಬೆಳಿಗ್ಗೆ ನಾಲಿಗೆ ದಣಿಯುವ ಮೊದಲು, ಸ್ವಲ್ಪಸ್ವಲ್ಪವಾಗಿ. ಕಡತಗಳನ್ನು ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶವಾಗಿ ಕಳುಹಿಸಬೇಡಿ, ಅದು ದನಿಯನ್ನು ಹಿಂಡಿಬಿಡುತ್ತದೆ.

ಕುಮಟೆಯವಳು

ಇಬ್ಬರಿಗೂ ಕೃತಜ್ಞತೆ. ಮನೆಯಲ್ಲಿ ತಾಳಮದ್ದಲೆಯ ಕ್ಯಾಸೆಟ್‌ಗಳು ಒಂದು ಟ್ರಂಕ್ ತುಂಬ ಇವೆ. ಅವು ಸಾಲವೇ? ಅಪ್ಪನೋ ಈಗ ಮುದ್ರಿಸಲು ಒಪ್ಪುತ್ತಿಲ್ಲ. ‘ಈ ದನಿಯನ್ನು ಯಾರಿಗೆ ಕೇಳಿಸುವುದು’ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಇನ್ನೊಂದು, ಮನೆಯಲ್ಲಿ ನಮ್ಮದು ಹವ್ಯಕ ಭಾಷೆ. ಯಾವುದನ್ನು ಮುದ್ರಿಸಬೇಕು?

ತಂತಿ ತರಂಗ

ಕ್ಯಾಸೆಟ್‌ಗಳನ್ನು ಮೊದಲು ಡಿಜಿಟಲ್ ಮಾಡಿಸಿ, ಟೇಪಿಗೆ ಬೂಸಲು ಹಿಡಿದರೆ ಕೆಲಸ ಕೆಡುತ್ತದೆ. ಭಾಗವತರ ಪದ್ಯ, ಮದ್ದಲೆ, ಚೆಂಡೆ ಕೇಳುವ ಭಾಗ ಬಿಟ್ಟು ಅಪ್ಪ ಒಬ್ಬರೇ ಅರ್ಥ ಹೇಳುವ ಭಾಗ ಆಯ್ದುಕೊಳ್ಳಿ. ದನಿಯ ಗುಣ ಅಲ್ಲಿ ಸಿಗುತ್ತದೆ. ಆದರೆ ಅದು ಕೌರವನ ದನಿ. ಅದರಿಂದಲೇ ಕಟ್ಟಿದರೆ ನಿಮ್ಮಮ್ಮನ ಹತ್ತಿರ ಚಹಾ ಕೇಳುವಾಗಲೂ ಸವಾಲು ಹಾಕಿದಂತೆ ಕೇಳೀತು. ಆದ್ದರಿಂದ ಮದುವೆ ವೀಡಿಯೊ, ಹಳೆಯ ಫೋನ್ ಸಂದೇಶ ಎಲ್ಲವನ್ನೂ ಹುಡುಕಿ. ಹವ್ಯಕದ್ದು ಸಿಕ್ಕಿದರೆ ಅದಕ್ಕೇ ಮೊದಲ ಮಣೆ, ಪುಸ್ತಕದ ಕನ್ನಡ ಕಂಪ್ಯೂಟರಿಗೆ ಬೇರೆ ಕಡೆಯಿಂದಲೂ ಸಿಗುತ್ತದೆ.

ಅಪ್ಪನಿಗೆ ಒಂದು ಮಾತು ತಿಳಿಸಿ. ಬೆಂಗಳೂರಿನ ಐಐಎಸ್‌ಸಿಯವರು ನಿಮ್ಹಾನ್ಸ್ ಜತೆ ಸೇರಿ ಎಎಲ್‌ಎಸ್ ರೋಗಿಗಳ ಮಾತನ್ನೇ ಮುದ್ರಿಸಿ ಅಧ್ಯಯನ ಮಾಡಿದ್ದಾರೆ. ತೊದಲುವ ದನಿಗೂ ಕೇಳುವವರಿದ್ದಾರೆ.

ಕುಮಟೆಯವಳು

ತಿಳಿಸಿದೆ. ‘ಹಾಗಾದರೆ ಸಂಧಾನದ ಪ್ರಸಂಗದಿಂದ ಶುರುಮಾಡೋಣ, ಕೃಷ್ಣನ ಮಾತನ್ನು ನೀನು ಓದು’ ಎಂದು ಅಪ್ಪ ಬರೆದುಕೊಟ್ಟಿದ್ದಾರೆ. ಅದಕ್ಕೆ ಮುಂಚೆ ದಿನಸಿ ಪಟ್ಟಿ ಓದಿಸುತ್ತೇನೆ.