ಹಾರ್ಟ್ ಫೇಲ್ಯೂರ್‌ಗೆ ನರಕ್ಕೆ ಕರೆಂಟ್: ಅಪ್ಪನಿಗೆ ಉಪಯೋಗ ಆಗುತ್ತಾ?

ಮುಸ್ಸಂಜೆ
ಅಪ್ಪನಿಗೆ 67. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಈಗ ಎಕೋ ಸ್ಕ್ಯಾನ್‌ನಲ್ಲಿ ಹೃದಯದ ಪಂಪಿಂಗ್ ಶೇ 30ಕ್ಕೆ ಇಳಿದಿದೆ. ಮೂರು ದಿಂಬು ಇಟ್ಟು ಒರಗಿಯೇ ಮಲಗುತ್ತಾರೆ. ಸಂಜೆ ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತೆ. ಕುತ್ತಿಗೆಯ ನರಕ್ಕೆ ಸಣ್ಣಗೆ ಕರೆಂಟ್ ಕೊಡುವ ಸಾಧನದಿಂದ ಹೃದಯ ಸುಧಾರಿಸುತ್ತೆ ಅಂತ ಓದಿದೆ. ನಿಜಾನಾ?

ನರಜಾಲ
ಯೋಚನೆಯಲ್ಲಿ ಹುರುಳಿದೆ. ಹೃದಯ ಸೋತಾಗ ಸಿಂಪಥೆಟಿಕ್ ನರಗಳು ಅದನ್ನು ಇನ್ನೂ ಜೋರಾಗಿ ಓಡಿಸುತ್ತವೆ. ದಣಿದ ಎತ್ತಿಗೆ ಬಾರುಕೋಲಿನ ಏಟು ಬಿದ್ದಂತೆ. ತಡೆಯಬೇಕಾದ, ಕುತ್ತಿಗೆಯಲ್ಲಿ ಹಾದುಹೋಗುವ ವೇಗಸ್ ನರದ ಹಿಡಿತ ಸಡಿಲವಾಗಿರುತ್ತೆ. ಅದನ್ನು ಬಿಗಿ ಮಾಡುವುದೇ ಈ ಸಾಧನದ ಕೆಲಸ. 2004ರಲ್ಲಿ ಜಪಾನಿನ ತಂಡವೊಂದು ಹಾರ್ಟ್ ಅಟ್ಯಾಕ್ ಆದ ಇಲಿಗಳ ಮೇಲೆ ಪ್ರಯೋಗ ಮಾಡಿತು. ಸುಮ್ಮನೆ ಬಿಟ್ಟ ಇಲಿಗಳಲ್ಲಿ ಅರ್ಧ ಸತ್ತವು. ಕರೆಂಟ್ ಕೊಟ್ಟವುಗಳಲ್ಲಿ ಸತ್ತದ್ದು ಶೇ 14 ಮಾತ್ರ.

ಒರೆಗಲ್ಲು
ಇಲಿಯ ಲೆಕ್ಕ ಹೇಳಿ ಮಗಳಲ್ಲಿ ಆಸೆ ಹುಟ್ಟಿಸಬೇಡಿ, ದಯವಿಟ್ಟು. ಮನುಷ್ಯರ ಮೇಲೆ ದೊಡ್ಡ ಪರೀಕ್ಷೆ ಆಗಿದೆ. ಹೆಸರು ಇನೊವೇಟ್ ಎಚ್‌ಎಫ್, 707 ರೋಗಿಗಳು, 2016ರಲ್ಲಿ ಫಲಿತಾಂಶ ಬಂತು. ಸಾವೂ ಕಡಿಮೆ ಆಗಲಿಲ್ಲ, ಫೇಲ್ಯೂರ್ ಬಿಗಡಾಯಿಸುವುದೂ ಕಡಿಮೆ ಆಗಲಿಲ್ಲ. ಮುಂದುವರಿಸಿ ಲಾಭವಿಲ್ಲ ಅಂತ ಮಧ್ಯದಲ್ಲೇ ನಿಲ್ಲಿಸಿದರು. ಬೆನ್ನುಹುರಿಗೆ ಕರೆಂಟ್ ಕೊಟ್ಟ ಡಿಫೀಟ್ ಎಚ್‌ಎಫ್ ಪರೀಕ್ಷೆಯೂ ಸೋತಿತು.

ನರಜಾಲ
ಅದೇ ಇನೊವೇಟ್‌ನಲ್ಲಿ ಸಾಧನ ಹಾಕಿಸಿಕೊಂಡವರು ಆರು ನಿಮಿಷದಲ್ಲಿ ಹೆಚ್ಚು ದೂರ ನಡೆದರು, ದಿನದ ಬದುಕು ಹಗುರಾಯಿತು ಅಂದರು. ಅದನ್ನೂ ಹೇಳಿ. ಎಷ್ಟು ಕರೆಂಟ್, ಸೆಕೆಂಡಿಗೆ ಎಷ್ಟು ಬಾರಿ ಅನ್ನುವುದು ಒಂದೊಂದು ಪರೀಕ್ಷೆಯಲ್ಲಿ ಒಂದೊಂದು ಥರ ಇತ್ತು. ಡೋಸ್ ಸರಿ ಹೊಂದದೆ ಇದ್ದರೆ ಮಾತ್ರೆ ಕೂಡ ಕೆಲಸ ಮಾಡಲ್ಲ ಅಲ್ವಾ?

ಒರೆಗಲ್ಲು
ಹೇಳುತ್ತೇನೆ. ಆದರೆ ಅಲ್ಲಿ ಹೋಲಿಕೆಯ ಗುಂಪಿಗೆ ಸಾಧನವನ್ನೇ ಹಾಕಿರಲಿಲ್ಲ. ಯಾರಿಗೆ ಚಿಕಿತ್ಸೆ ಸಿಕ್ಕಿದೆ ಅಂತ ಎಲ್ಲರಿಗೂ ಗೊತ್ತು. ಹೊಸದೇನೋ ಹಾಕಿಸಿಕೊಂಡವರು ಇನ್ನೆರಡು ಹೆಜ್ಜೆ ಜಾಸ್ತಿ ಇಡುವುದು ಸಹಜ. 2014ರ ನೆಕ್ಟಾರ್ ಎಚ್‌ಎಫ್‌ನಲ್ಲಿ 96 ಜನ ಇದ್ದರು. ಸಾಧನ ಎಲ್ಲರಿಗೂ ಹಾಕಿ, ಮೊದಲ ಆರು ತಿಂಗಳು ಕೆಲವರಿಗೆ ತಿಳಿಸದೆ ಆಫ್ ಇಟ್ಟರು. ಹಿಗ್ಗಿದ ಹೃದಯ ಕುಗ್ಗಲಿಲ್ಲ. ಆನ್ ಇದ್ದವರು ಮಾತ್ರ ಆರಾಮಿದೆ ಅಂದರು.

ತಂಗಿಯ ಅಕ್ಕ
ಆನ್ ಇದೆಯೋ ಇಲ್ಲವೋ ಅಂತ ಮುಚ್ಚಿಡುವುದು ಕಷ್ಟ. ನನ್ನ ತಂಗಿಗೆ ಫಿಟ್ಸ್‌ಗೆ ವೇಗಸ್ ಸಾಧನ ಹಾಕಿದ್ದಾರೆ. ಅಮೆರಿಕದಲ್ಲಿ 1997ರಿಂದಲೇ ಅದಕ್ಕೆ ಒಪ್ಪಿಗೆ ಇದೆ. ಫೋನಲ್ಲಿ ಮಾತಾಡುವಾಗ ಇದ್ದಕ್ಕಿದ್ದಂತೆ ಅವಳ ದನಿ ಗೊಗ್ಗರಾಗುತ್ತೆ. ಅರ್ಧ ನಿಮಿಷ ಹಾಗೇ. ಆಮೇಲೆ ತಾನಾಗಿ ಸರಿಹೋಗುತ್ತೆ. ಧ್ವನಿಪೆಟ್ಟಿಗೆಗೆ ಹೋಗುವುದೂ ಅದೇ ನರದ ಕವಲು. ಕರೆಂಟ್ ಬಂತು ಅಂತ ನನಗೇ ಗೊತ್ತಾಗುತ್ತೆ, ಇನ್ನು ಹಾಕಿಸಿಕೊಂಡವರಿಗೆ ಗೊತ್ತಾಗಲ್ವಾ?

ಒರೆಗಲ್ಲು
ಅಕ್ಕಾ, ನಾನು ಇಷ್ಟುದ್ದ ಬರೆದದ್ದನ್ನು ನಿಮ್ಮ ಫೋನ್ ಮಾತೊಂದೇ ತಿಳಿಸಿಬಿಟ್ಟಿತು.

ವಾರ್ಡ್ ನರ್ಸ್
ಮುಸ್ಸಂಜೆ ಅವರೇ, ನೀವು ಓದಿದ್ದು ಬ್ಯಾರೊಸ್ಟಿಮ್ ಅನ್ನೋ ಸಾಧನದ ಬಗ್ಗೆಯೂ ಇರಬಹುದು. ಅದು ಬೇರೆ. ಕತ್ತಿನ ಕ್ಯಾರೊಟಿಡ್ ರಕ್ತನಾಳದ ಮೇಲೆ ಒಂದು ಎಲೆಕ್ಟ್ರೋಡ್, ಕಾಲರ್ ಮೂಳೆಯ ಕೆಳಗೆ ಬ್ಯಾಟರಿ. ಬಿಪಿ ಜಾಸ್ತಿ ಇದೆ ಅನ್ನೋ ಸುದ್ದಿ ಮೆದುಳಿಗೆ ಹೋಗುತ್ತೆ, ಮೆದುಳು ಸಿಂಪಥೆಟಿಕ್ ನರಗಳನ್ನು ತಗ್ಗಿಸುತ್ತೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಒಪ್ಪಿದ್ದು ಸುಸ್ತು, ಏದುಸಿರು ಕಡಿಮೆ ಮಾಡುವುದಕ್ಕೆ. 2023ರಲ್ಲಿ ಬಂದ ದೀರ್ಘ ಫಲಿತಾಂಶದಲ್ಲೂ ಸಾವು, ಆಸ್ಪತ್ರೆ ಸೇರುವುದು ಕಡಿಮೆ ಆಗುತ್ತೆ ಅಂತ ಸಾಬೀತಾಗಲಿಲ್ಲ.

ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ಅಪ್ಪನ ಬೀಟಾ ಬ್ಲಾಕರ್ ಡೋಸ್ ಎಷ್ಟು? ಆ ಮಾತ್ರೆಯೂ ಸಿಂಪಥೆಟಿಕ್ ನರಗಳ ಕಾಟದಿಂದಲೇ ಹೃದಯವನ್ನು ಕಾಪಾಡುತ್ತೆ. ಅಂಥದೊಂದು ಮಾತ್ರೆ ಕೊಟ್ಟು ನೋಡಿದ 1999ರ ಸಿಬಿಸ್ 2 ಪರೀಕ್ಷೆಯಲ್ಲಿ ಸಾವು ಮೂರನೇ ಒಂದರಷ್ಟು ಇಳಿಯಿತು. ಇಸಿಜಿಯಲ್ಲಿ ಕ್ಯೂಆರ್‌ಎಸ್, ಅಂದರೆ ಹೃದಯದ ಕೆಳಕೋಣೆಗಳು ಬಡಿಯುವಾಗ ಮೂಡುವ ಗೆರೆ, ಅಗಲವಾಗಿದೆಯಾ ಅಂತಲೂ ಕೇಳಿ. ಇದ್ದರೆ ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ ಸಿಆರ್‌ಟಿ ಪೇಸ್‌ಮೇಕರ್ ಉಪಯೋಗಕ್ಕೆ ಬರಬಹುದು. ಅದರಿಂದ ಆಯುಷ್ಯ ಹೆಚ್ಚುತ್ತೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ.

ನರಜಾಲ
ಇದನ್ನು ನಾನು ಮೊದಲೇ ಹೇಳಬೇಕಿತ್ತು. ಆದರೂ ಒಂದು ಮಾತು: ಎಲ್ಲ ಮಾತ್ರೆ ಸರಿಯಾಗಿ ತಗೊಂಡ ಮೇಲೂ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂದರೆ, ಆ ನಾಲ್ಕು ಹೆಜ್ಜೆ ಸಲೀಸಾಗುವುದೂ ದೊಡ್ಡದೇ.

ಒರೆಗಲ್ಲು
ದೊಡ್ಡದೇ, ಒಪ್ಪುತ್ತೇನೆ. ಅಷ್ಟಕ್ಕೇ ಅಂತ ಬಿಡಿಸಿ ಹೇಳಿ ಹಾಕಲಿ. ಆಯುಷ್ಯ ಹೆಚ್ಚುತ್ತೆ ಅಂತ ನಂಬಿಸಿ ಬೇಡ.

ಮುಸ್ಸಂಜೆ
ಈಗಷ್ಟೇ ಅಪ್ಪನ ಮಾತ್ರೆ ಡಬ್ಬಿ ನೋಡಿದೆ. ಬೀಟಾ ಬ್ಲಾಕರ್ ಅರ್ಧ ಅರ್ಧ ತುಂಡು ಮಾಡಿ ಇಟ್ಟಿದ್ದಾರೆ. "ಪೂರ್ತಿ ತಗೊಂಡ್ರೆ ತಲೆ ಸುತ್ತುತ್ತಮ್ಮ, ಅದಕ್ಕೆ" ಅಂದರು. ಮೂರು ತಿಂಗಳಿಂದ ಹೀಗೇ ಅಂತೆ. ಡಾಕ್ಟರಿಗೂ ಹೇಳಿಲ್ಲ. ನಾಳೆ ಬೆಳಿಗ್ಗೆ ಡಬ್ಬಿ ಸಮೇತ ಕರೆದುಕೊಂಡು ಹೋಗುತ್ತಿದ್ದೇನೆ. ಹಳೇ ಇಸಿಜಿನೂ ಹುಡುಕಿ ಇಟ್ಟಿದ್ದೇನೆ.

ವಾರ್ಡ್ ನರ್ಸ್
ತಲೆ ಸುತ್ತುವುದನ್ನೇ ಮೊದಲು ಹೇಳಿ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ. ಅಲ್ಲಿಯವರೆಗೆ ನೀವಾಗಿ ಡೋಸ್ ಏರಿಸಬೇಡಿ.