ಏಜೆನ್ಸಿ 35,000 ಕೇಳ್ತಿದೆ, ಕೊಡಬಹುದಾ? ಆಡಿಷನ್ ಬಗ್ಗೆ ಗೊತ್ತಿದ್ದವರು ಹೇಳಿ

ಪ್ರಶ್ನೆ: ವಯಸ್ಸು 24, ಊರು ದಾವಣಗೆರೆ, ಹವ್ಯಾಸಿ ನಾಟಕದ ಅಭ್ಯಾಸ ಇದೆ. ಬೆಂಗಳೂರಲ್ಲಿ ಸೀರಿಯಲ್, ಸಿನಿಮಾಗೆ ಪ್ರಯತ್ನ ಮಾಡಬೇಕು. ಒಂದು ಏಜೆನ್ಸಿಯವರು ರಿಜಿಸ್ಟ್ರೇಷನ್, ಪೋರ್ಟ್‌ಫೋಲಿಯೊ (ನಟರ ಫೋಟೊಗಳ ಸೆಟ್) ಸೇರಿ 35,000 ಕೇಳ್ತಿದ್ದಾರೆ. ಸೆಲ್ಫ್ ಟೇಪ್ (ನಾವೇ ನಟಿಸಿ, ರೆಕಾರ್ಡ್ ಮಾಡಿ ಕಳಿಸೋ ಆಡಿಷನ್ ವಿಡಿಯೊ) ಮಾಡೋದು ಹೇಗೆ ಅನ್ನೋದೂ ಗೊತ್ತಿಲ್ಲ.

ಉತ್ತರ 1: ಕೊಡಬೇಡಿ. ಕಾಸ್ಟಿಂಗ್‌ನವರಿಗೆ (ಪಾತ್ರಕ್ಕೆ ನಟರನ್ನ ಆರಿಸೋರಿಗೆ) ದುಡ್ಡು ಬರೋದು ನಿರ್ಮಾಣ ಸಂಸ್ಥೆಯಿಂದ, ಮ್ಯಾನೇಜರ್‌ಗೆ ಬರೋದು ನಿಮ್ಮ ಸಂಭಾವನೆಯ ಕಮಿಷನ್‌ನಿಂದ. ಕೆಲಸಕ್ಕೆ ಮೊದಲೇ ಕೈ ಚಾಚೋರ ವ್ಯಾಪಾರ ಫೋಟೊ ಮಾರೋದು, ಅಷ್ಟೇ. ಶುರುವಿಗೆ ಮೊಬೈಲ್ ಫೋಟೊ ಸಾಕು: ಹಗಲು ಬೆಳಕಲ್ಲಿ ಮುಖದ ಕ್ಲೋಸಪ್, ಸೊಂಟದವರೆಗಿನದು, ಪೂರ್ತಿ ನಿಂತದ್ದು, ಎರಡೂ ಪಕ್ಕದ ಪ್ರೊಫೈಲ್. ಫಿಲ್ಟರ್ ಬೇಡ. ಎತ್ತರ ಇದ್ದಷ್ಟೇ ಬರೀರಿ. ಜೋಡಿ ಪಾತ್ರದವರ ಪಕ್ಕ ನಿಲ್ಲಿಸಿ ನೋಡಿದಾಗ ಎರಡಿಂಚಿನ ಸುಳ್ಳೂ ಕಾಣತ್ತೆ.

ಉತ್ತರ 2: ಟೇಪ್ ವಿಷಯ. ಲಂಬವಾಗಿ ಬೇಕು ಅಂತ ಅವರೇ ಹೇಳದಿದ್ರೆ ಫೋನ್ ಅಡ್ಡ ಇಡಿ. ಹಿಂದಿನ ಕ್ಯಾಮೆರಾ, ಟ್ರೈಪಾಡ್, ಕಣ್ಣಿನ ಮಟ್ಟ, ಎದೆಯಿಂದ ಮೇಲಕ್ಕೆ ಫ್ರೇಮ್. ಕಿಟಕಿ ಬೆನ್ನಿಗಿದ್ರೆ ಮುಖ ಕಪ್ಪಾಗತ್ತೆ, ಮುಂದೆ ಓರೆಗಿರಲಿ. ಗೋಡೆಗೆ ಅಂಟಿ ನಿಂತ್ರೆ ನೆರಳು ಬೀಳತ್ತೆ, ಮೂರಡಿ ಮುಂದೆ ಬನ್ನಿ. ಫ್ಯಾನ್ ಆರಿಸಿ (ಬೆವರಿದ್ರೂ ಪರವಾಗಿಲ್ಲ). ಎದುರು ಪಾತ್ರದ ಮಾತು ಓದೋರು ಲೆನ್ಸ್ ಪಕ್ಕದಲ್ಲೇ ಇರಬೇಕು. ಮೈಕ್‌ಗೆ ಅವರೇ ಹತ್ತಿರ ಇರ್ತಾರಲ್ಲ, ಹಾಗಾಗಿ ಮೆಲ್ಲಗೆ ಓದಲಿ.

ನಾಟಕದವರು ಎಡವೋದು ಬೇರೆ ಕಡೆ. ‘ಅಪ್ಪಾ, ನಾನು ಊರಿಗೆ ಬರಲ್ಲ’ ಅನ್ನೋ ಮಾತು ಕೊಟ್ರೆ, ‘ಬರಲ್ಲ’ವನ್ನ ಕೊನೇ ಸಾಲಿನ ಪ್ರೇಕ್ಷಕನಿಗೆ ಮುಟ್ಟಿಸ್ತಾರೆ, ಕೈಯೂ ಏಳತ್ತೆ, ಫ್ರೇಮಿಂದ ಹೊರಗೂ ಹೋಗತ್ತೆ. ಕ್ಲೋಸಪ್‌ನಲ್ಲಿ ಕೆಲಸ ಮಾಡೋದು ಮಾತಿಗೆ ಮುಂಚಿನ ಆ ಒಂದು ಕ್ಷಣ. ಅಪ್ಪ ಹೇಳಿದ್ದನ್ನ ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಊಟದ ಮನೆಯಲ್ಲಿ ಮಾತಾಡೋ ದನಿಯಲ್ಲೇ ಹೇಳಿ. ಎರಡನೇ ಟೇಕ್ ಕಳಿಸೋದಾದ್ರೆ ಅದು ಬೇರೆ ಥರ ಇರಲಿ. ಒಂದು ಸಿಟ್ಟಲ್ಲಿ, ಇನ್ನೊಂದು ನಾಚಿಕೆಯಲ್ಲಿ.

ಪರಿಚಯದ ವಿಡಿಯೊ ಬೇರೆಯೇ, 20 ಸೆಕೆಂಡ್: ಹೆಸರು, ವಯಸ್ಸು, ಎತ್ತರ, ಗೊತ್ತಿರೋ ಭಾಷೆ, ಎರಡೂ ಪ್ರೊಫೈಲ್. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊ ಥರ ಕಳಿಸಿದ್ರೆ ಕುಗ್ಗಿ ಮಸುಕಾಗತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಡ್ರೈವ್ ಲಿಂಕಾದ್ರೆ ಯಾರು ಬೇಕಾದ್ರೂ ತೆರೆಯೋ ಹಾಗೆ ಸೆಟ್ಟಿಂಗ್ ಇರಲಿ. ಅನುಮತಿ ಕೇಳೋ ಲಿಂಕಿಗೆ ಕಾಯೋ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ.

ಉತ್ತರ 3: ಸೀರಿಯಲ್‌ಗೆ ಬರೋರು ಪ್ರಾಂಪ್ಟಿಂಗ್ ಅಭ್ಯಾಸ ಮಾಡಿಕೊಂಡು ಬನ್ನಿ. ಸೀನ್ ಪೇಪರ್ ಎಷ್ಟೋ ಸಲ ಸೆಟ್‌ನಲ್ಲೇ ಕೈಗೆ ಸಿಗೋದು. ಸಹಾಯಕ ನಿರ್ದೇಶಕರು ಪಕ್ಕದಿಂದ ಸಾಲು ಹೇಳ್ತಾರೆ, ನೀವು ಹಿಡಿದು ಮುಂದುವರಿಸಬೇಕು. ಹೊಸಬರ ತಪ್ಪು ಎರಡು: ಕಣ್ಣು ದನಿ ಬಂದ ಕಡೆ ಓಡೋದು, ಪ್ರಾಂಪ್ಟರ್ ಸಾಲು ಮುಗಿಸೋ ಮೊದಲೇ ಬಾಯಿ ಬಿಡೋದು. ಎರಡು ದನಿ ಒಂದರ ಮೇಲೊಂದು ಬಿದ್ರೆ ಆ ಟೇಕ್ ಹೋಯ್ತು. ಮನೆಯಲ್ಲಿ ಯಾರಾದ್ರೂ ಹಿಂದಿನಿಂದ ಒಂದೊಂದೇ ಸಾಲು ಓದಲಿ, ನೀವು ಗೋಡೆ ಮೇಲಿನ ಒಂದು ಚುಕ್ಕಿ ನೋಡ್ತಾ ಹೇಳಿ. ಅಕಾರ-ಹಕಾರ ಶುದ್ಧ ಮಾಡ್ಕೊಳ್ಳಿ. ದಾವಣಗೆರೆ ಧಾಟಿ ಮಾತ್ರ ಕಳ್ಕೋಬೇಡಿ, ಅದನ್ನೇ ಕೇಳೋ ಪಾತ್ರಗಳೂ ಬರ್ತವೆ.

ಉತ್ತರ 4: ಒಪ್ಪೋ ಮೊದಲು ಕೇಳಬೇಕಾದ್ದು: ದಿನಕ್ಕೆಷ್ಟು, ತಿಂಗಳಿಗೆ ಕನಿಷ್ಠ ಎಷ್ಟು ದಿನ, ದುಡ್ಡು ಎಷ್ಟು ದಿನಕ್ಕೆ ಕೈಗೆ ಬರತ್ತೆ, ಕಾಸ್ಟ್ಯೂಮ್ ಯಾರದ್ದು, ಬೇರೆ ಚಾನೆಲ್‌ನಲ್ಲಿ ಮಾಡಬಹುದಾ. ಕಾಸ್ಟ್ಯೂಮ್ ನಿಮ್ಮದೇ ಅಂದ್ರೆ ಮೊದಲ ತಿಂಗಳ ಗಳಿಕೆ ಬಟ್ಟೆಗೇ ಹೋಗಬಹುದು. ಸಂಭಾವನೆಯಲ್ಲಿ ಸಾಮಾನ್ಯವಾಗಿ 10% ಟಿಡಿಎಸ್ (ದುಡ್ಡು ಕೊಡೋ ಮೊದಲೇ ಕಡಿಯೋ ತೆರಿಗೆ) ಹಿಡೀತಾರೆ. ಪಾನ್ ಕೊಡಿ, ಕಟ್ಟಿದ್ದಾರಾ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡ್ಕೊಳ್ಳಿ. ಜಾಹೀರಾತಿನ ಕರಾರಿನಲ್ಲಿ ಅವಧಿ ಬರೆಸದಿದ್ರೆ ಒಂದು ದಿನದ ದುಡ್ಡಿಗೆ ನಿಮ್ಮ ಮುಖ ವರ್ಷಗಟ್ಟಲೆ ಓಡತ್ತೆ. ಟಿವಿಗಾ, ಆನ್‌ಲೈನ್‌ಗಾ, ಹೋರ್ಡಿಂಗ್‌ಗೂ ಸೇರಿದೆಯಾ, ಅದೂ ಬರೆಸಿ. ಒಂದು ಕಾಫಿ ಪುಡಿಗೆ ಮಾಡಿದ್ರೆ ಆ ಅವಧಿಯಲ್ಲಿ ಇನ್ನೊಂದು ಕಾಫಿ ಪುಡಿಗೆ ಮಾಡೋ ಹಾಗಿಲ್ಲ ಅನ್ನೋ ಷರತ್ತೂ ಇರತ್ತೆ, ಅದಕ್ಕೂ ಬೆಲೆ ಕೇಳಿ.

ಪ್ರಶ್ನೆ ಕೇಳಿದವರು: ಮ್ಯಾನೇಜರ್ ಈಗಲೇ ಬೇಕಾ?

ಉತ್ತರ 1: ಈಗ ಬೇಡ. ಹೊಸಬರನ್ನ ಚಾನೆಲ್‌ನವರು, ನಿರ್ಮಾಣ ಸಂಸ್ಥೆಯವರು ನೇರವಾಗೇ ನೋಡ್ತಾರೆ. ಒಂದು ಗುರುತಾಗೋ ಪಾತ್ರ ಆದ್ಮೇಲೆ, ಡೇಟ್ ಹೊಂದಿಸೋಕೆ, ಬಾಕಿ ವಸೂಲಿಗೆ ಜನ ಬೇಕಾಗತ್ತೆ. ಆಗಲೂ ಕಮಿಷನ್ ಎಷ್ಟು, ನೀವೇ ಹುಡುಕಿಕೊಂಡ ಕೆಲಸಕ್ಕೂ ಕೊಡಬೇಕಾ, ಬಿಡೋದಾದ್ರೆ ಎಷ್ಟು ದಿನ ಮೊದಲು ಹೇಳಬೇಕು, ಮೂರನ್ನೂ ಬರಹದಲ್ಲಿ ತಗೊಳ್ಳಿ. ಆಡಿಷನ್ ಮೆಸೇಜ್ ಬಂದ್ರೆ ಸಂಸ್ಥೆಯ ಕಚೇರಿಗೆ ಒಂದು ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ. ರಾತ್ರಿ ಹೊತ್ತು ಹೋಟೆಲ್ ರೂಮಿಗೆ ಬನ್ನಿ ಅಂದ್ರೆ ಅದು ಆಡಿಷನ್ ಅಲ್ಲ.